ಮಧ್ಯಾಹ್ನದ ಸಾಂಬ್ರಾಣಿ

"ಘರ್ ಮೇ ಸೀಲನ್ ಹೈ ಕ್ಯಾ?" ಎಂದು ಮಲಾಡಿನ ನಮ್ಮ ಡಾಕ್ಟರು ಕೇಳಿದಾಗ ನನಗೆ ಸಿಟ್ಟೇ ಬಂತು. ಮನೆಯಲ್ಲಿ ಗೋಡೆ ತೇವ ಹಿಡಿದಿದೆಯೇ ಅಂದರೆ ನನಗೆ ಮನೆ ನೋಡಿಕೊಳ್ಳಲು ಬರುವುದಿಲ್ಲ ಅಂದ ಹಾಗಲ್ಲವೇ? "ಬಿಲ್ಕುಲ್ ನಹೀ" ಅಂದೆ. ಪಕ್ಕದಲ್ಲಿ ಕೂತಿದ್ದ ಅತ್ತೆ ಕೆಮ್ಮುತ್ತಲೇ ಮುಖ ಆ ಕಡೆ ತಿರುಗಿಸಿದರು. ಮಳೆಗಾಲದಲ್ಲಿ ಹಿಡಿದ ಕೆಮ್ಮು ದೀಪಾವಳಿ ಕಳೆದರೂ ಅವರನ್ನು ಬಿಟ್ಟಿರಲಿಲ್ಲ. ಹೀಗೇ ಮುಂದುವರಿದರೆ ದಮ್ಮು ಕಾಯಂ ಆಗುತ್ತದೆ ಎಂದು ಡಾಕ್ಟರು ಹೆದರಿಸಿ ಕಳಿಸಿದರು.

ಅತ್ತೆ ಮುಖ ತಿರುಗಿಸಿದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಾನು ಮೊದಲೇ ಸಂಶಯದ ಪ್ರಾಣಿ. ಬೈಕುಲ್ಲಾದ ಚಾಳಿನಲ್ಲಿ, ಇಡೀ ಮಾಳಿಗೆಗೆ ಒಂದೇ ನಲ್ಲಿ ಇದ್ದ ಕಡೆ, ನಮ್ಮ ಬಕೆಟ್ಟನ್ನು ಯಾರು ಹಿಂದೆ ಸರಿಸಿದರು ಎಂದು ಕಾಯುತ್ತಲೇ ಬೆಳೆದವಳು. ಅವತ್ತಿನಿಂದ ಅತ್ತೆಯ ಕೋಣೆಯ ಮೇಲೆ ಕಣ್ಣಿಟ್ಟೆ.

ಅವರ ಡಬ್ಬಿಯಲ್ಲಿದ್ದ ಹಲಸಿನ ಹಪ್ಪಳ ಕೈಗೆ ತೆಗೆದುಕೊಂಡರೆ ಮುರಿಯಲಿಲ್ಲ, ಮಡಚಿಕೊಂಡಿತು. ರೇಷ್ಮೆ ಸೀರೆಯ ಅಂಚಿನಲ್ಲಿ ಬೂದಿ ಬಣ್ಣದ ಚುಕ್ಕಿಗಳು. ಕಿಟಕಿಯ ಪಕ್ಕದಲ್ಲಿದ್ದ ಸ್ಟೀಲ್ ಕಪಾಟು ಯಾವಾಗಲೋ ಬಾತ್‌ರೂಮಿನ ಕಡೆಯ ಗೋಡೆಗೆ ಬಂದು ನಿಂತಿತ್ತು. ಕೇಳಿದರೆ, "ಬಟ್ಟೆಗೆ ಬಿಸಿಲು ಬೀಳ್ತದೆ ಅಂತ ಮಗನ ಹತ್ರ ಹೇಳಿ ಸರಿಸಿದ್ದು ಮಾರಾಯ್ತಿ" ಅಂದರು. ಮುಂಬೈಯಲ್ಲಿ ಬಟ್ಟೆಗೆ ಬಿಸಿಲು ಬೀಳುತ್ತದೆಂದು ದುಃಖಪಡುವವರನ್ನು ನಾನು ಕಂಡದ್ದು ಅದೇ ಮೊದಲು! ಅದೂ ಸಾಲದೆ, ದಿನಾ ಮಧ್ಯಾಹ್ನ ಸಾಂಬ್ರಾಣಿ. ಕೆಮ್ಮುವ ಹೆಂಗಸು ಬಾಗಿಲು ಹಾಕಿಕೊಂಡು ಕೋಣೆಯ ತುಂಬ ಹೊಗೆ ಎಬ್ಬಿಸುತ್ತಾರೆಂದರೆ ಯಾರಿಗೆ ಅನುಮಾನ ಬರುವುದಿಲ್ಲ?

"ಅತ್ತಿ, ಏನ್ ಮುಚ್ಚಿಡಾಕತ್ತೀರಿ ನೀವು?" ಎಂದು ಕೇಳಿಯೇಬಿಟ್ಟೆ.

"ಎಂತದ್ದೂ ಇಲ್ಲ. ದೇವರಿಗೆ ಹಾಕಿದ್ದು. ನಿಂಗೆ ಎಲ್ಲದರಲ್ಲೂ ಸಂಶಯ."

ಶನಿವಾರ ಅವರು ಭಜನೆಗೆ ಹೋದದ್ದೇ ತಡ, ಗಂಡನನ್ನು ಎಬ್ಬಿಸಿ ಕಪಾಟು ಸರಿಸಿದೆ. ಅಯ್ಯೋ, ಆ ಗೋಡೆ! ಮೇಲಿನ ಅಟ್ಟದಿಂದ ನಡುಮಟ್ಟದವರೆಗೆ ಕಪ್ಪು ಬೂಷ್ಟು. ಬಣ್ಣ ಉಬ್ಬಿ ನಿಂತಿತ್ತು. ಬೆರಳಿನಿಂದ ಒತ್ತಿದರೆ ಗಾರೆ ಪುಡಿಪುಡಿಯಾಗಿ ಕೈಗೆ ಬಂತು. "ಕಪಾಟು ಇಲ್ಲಿಗೆ ತಂದಾಗ ಒಂಚೂರು ಹಳದಿ ಕಲೆ ಇತ್ತು ಅಷ್ಟೇ" ಎಂದ ನನ್ನ ಗಂಡ ಮಹಾಶಯ. ಆ ಗೋಡೆಯ ಪಕ್ಕದಲ್ಲೇ ತಲೆ ಇಟ್ಟು ಅತ್ತೆ ಮಲಗುತ್ತಿದ್ದದ್ದು ನೆನೆದೆ. ಅದರ ಹಿಂದೆಯೇ ಸಿಟ್ಟು ಬಂತು.

ಭಜನೆಯಿಂದ ಬಂದವರು ಬಾಗಿಲಲ್ಲೇ ನಿಂತರು. ಸುಳ್ಳು ಹೇಳಲು ಇನ್ನೇನೂ ಉಳಿದಿರಲಿಲ್ಲ.

"ಮೇಲಿನವರ ಬಾತ್‌ರೂಮಿನದ್ದು" ಅಂದರು. "ಅವರದ್ದು ಬಾಡಿಗೆ ಮನೆ. ಬಿಲ್ಡಿಂಗಿನ ಸೊಸೈಟಿಗೆ ಕಂಪ್ಲೇಂಟ್ ಹೋದ್ರೆ ಓನರ್ ರಿಪೇರಿ ಮಾಡ್ತಾನಾ? ಖಾಲಿ ಮಾಡಿ ಅಂತಾನೆ. ಅವಳು ಹೋದ್ರೆ ನಾನು ತುಳುವಿನಲ್ಲಿ ಯಾರ ಹತ್ರ ಮಾತಾಡೂದು?"

ನಮ್ಮದು ವಿಜಯಪುರದ ಕಡೆಯ ಮನೆತನ, ನನಗೆ ತುಳು ಬಾರದು. ಗಂಡ ಅಮ್ಮನಿಗೆ ಉತ್ತರ ಕೊಡುವುದು ಹಿಂದಿಯಲ್ಲಿ. ಮೇಲಿನ ಅಮ್ಮ, ಅಂಧೇರಿಯ ಹೋಟೆಲಿನಲ್ಲಿ ಕ್ಯಾಶಿನಲ್ಲಿ ಕೂರುವವನ ತಾಯಿ, ಇಡೀ ಬಿಲ್ಡಿಂಗಿನಲ್ಲಿ ಅತ್ತೆಗಿದ್ದ ಒಬ್ಬಳೇ ಗೆಳತಿ. ಆದರೂ ಗೆಳೆತನಕ್ಕಿಂತ ಉಸಿರು ದೊಡ್ಡದಲ್ಲವೇ? ಭಾನುವಾರ ಬೆಳಿಗ್ಗೆ ಅತ್ತೆಗೆ ಹೇಳದೆ ಜಗಳಕ್ಕೆ ಸಿದ್ಧಳಾಗಿಯೇ ಮೆಟ್ಟಿಲು ಹತ್ತಿದೆ.

ಮೇಲಿನ ಅಮ್ಮ ನನ್ನ ಮುಖ ನೋಡಿಯೇ ವಿಷಯ ತಿಳಿದುಕೊಂಡರು. ಕೈಹಿಡಿದು ಬಾತ್‌ರೂಮಿಗೆ ಕರೆದೊಯ್ದರು. ಅದರ ನೆಲ ಒಣಗಿ ಬಿಳಿಚಿಕೊಂಡಿತ್ತು. ಮೂಲೆಯಲ್ಲಿ ಜೇಡ ಬಲೆ ಕಟ್ಟಿತ್ತು.

"ನಿಮ್ಮತ್ತೆ ಸಾಂಬ್ರಾಣಿ ಹಾಕ್ಲಿಕ್ಕೆ ಶುರು ಮಾಡಿದಾಗಲೇ ಗೋಡೆಯ ತೇವದ ವಾಸನೆ ಮುಚ್ಚಲಿಕ್ಕೆ ಅಂತ ನಂಗೆ ಗೊತ್ತಾಯ್ತು ಮಗಾ. ಚೌತಿಯ ನಂತರ ಇಲ್ಲಿ ಒಂದು ಚೊಂಬು ನೀರು ಹೊಯ್ಯಲಿಲ್ಲ. ಮಗನೂ ನಾನೂ ಅಡುಗೆಮನೆಯ ಮೋರಿಯಲ್ಲೇ ಸ್ನಾನ ಮಾಡೂದು. ಅವಳಿಗೆ ಹೇಳ್ಬೇಡ, ಬೇಜಾರು ಮಾಡ್ಕೊಳ್ತಾಳೆ."

ಎಪ್ಪತ್ತು ದಾಟಿದ ಹೆಂಗಸು ಪಾತ್ರೆ ತೊಳೆಯುವ ಜಾಗದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಮೈತೊಳೆಯುತ್ತಿದ್ದಾರೆ. ನಾಚಿಕೆಯಾಯಿತು. ಆದರೆ ಕೆಳಗೆ ಇಳಿಯುವಾಗ ಹಾಳು ಸಂಶಯ ಮತ್ತೆ ತಲೆ ಎತ್ತಿತು. ಮೇಲೆ ನೀರೇ ಬೀಳುತ್ತಿಲ್ಲವೆಂದರೆ ನಮ್ಮ ಗೋಡೆ ಇನ್ನೂ ಯಾಕೆ ಒದ್ದೆ?

ಮನೆಗೆ ಬಂದರೆ ಗಂಡ ಗೀಸರ್ ಹಾಕಿಕೊಂಡು ಸಾವಕಾಶ ಸ್ನಾನ ಮಾಡುತ್ತಿದ್ದ. ಅತ್ತೆಯ ಕೋಣೆಗೆ ಹೋಗಿ ಆ ಕಪ್ಪು ಗೋಡೆಗೆ ಅಂಗೈ ಒತ್ತಿದೆ.

ಗೋಡೆ ಬೆಚ್ಚಗಿತ್ತು.

ಸೋರುತ್ತಿದ್ದದ್ದು ನಮ್ಮದೇ ಗೀಸರಿನ ಪೈಪು. ಗೋಡೆಯೊಳಗೆ ಹುದುಗಿಸಿದ್ದ ಅದು ಎಲ್ಲೋ ಒಡೆದು, ಸ್ನಾನಕ್ಕೊಮ್ಮೆ ಬಿಸಿನೀರು ಕುಡಿಸುತ್ತಿತ್ತು ಗೋಡೆಗೆ. ಅತ್ತೆಯನ್ನು ಕರೆದು ಅವರ ಕೈಯನ್ನೂ ಅಲ್ಲಿ ಇಟ್ಟೆ. ಮೋರಿಯ ವಿಷಯವನ್ನೂ ಹೇಳಿಬಿಟ್ಟೆ, ತಡೆಯಲಾಗಲಿಲ್ಲ.

ಅತ್ತೆ ತಮ್ಮ ಎದೆಯ ಬಗ್ಗೆ ಕೇಳಲಿಲ್ಲ, ಪೈಪಿನ ಬಗ್ಗೆಯೂ ಕೇಳಲಿಲ್ಲ.

"ಹಾಗಾದ್ರೆ ಅವಳು ಎಲ್ಲಿಗೂ ಹೋಗೂದು ಬೇಡ ಅಲ್ವಾ?"

"ಬ್ಯಾಡ ಅತ್ತಿ."

ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಹೋದರು. ಒಂದೊಂದು ಮೆಟ್ಟಿಲಿಗೂ ನಿಂತು ಕೆಮ್ಮುತ್ತ ಹತ್ತತೊಡಗಿದರು. ನಿಲ್ಲಿರಿ, ನಾನೇ ಅವರನ್ನು ಕರೀತೀನಿ ಅಂದರೆ ಕೇಳಬೇಕಲ್ಲ! ಮೇಲೆ ಬಾಗಿಲು ತೆರೆಯುವ ಮೊದಲೇ, ಆ ಕೆಮ್ಮಿನ ನಡುವೆಯೇ, ಗೆಳತಿಯನ್ನು ಬೈಯಲು ಶುರು ಮಾಡಿದ್ದರು.