ಗೋಡೌನಿನ ಜಾಗದ ಕುರುಚಲು ಕಾಡು

ಮರಳವಾಡಿ ಕಡೆಯ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ಟೀಚರಾಗಿದ್ದೆ. ಪಕ್ಕದಲ್ಲಿ ಹೊಸದಾಗಿ ಬಂದ ಫ್ಯಾಕ್ಟರಿಯವರು ಶಾಲೆಗೆ ಎರಡು ಕಂಪ್ಯೂಟರು, ಇಂಟರ್‌ನೆಟ್ಟು ಕೊಟ್ಟರು. ಶಾಲೆಯ ಹಿಂದಿನ ಕುರುಚಲು ಕಾಡನ್ನು ಮುಟ್ಟುವುದಿಲ್ಲ ಎಂದು ಅವರ ಮ್ಯಾನೇಜರ್ ನನಗೆ ಮಾತು ಕೊಟ್ಟಿದ್ದರು. ನಮ್ಮ ಮಕ್ಕಳು ಕಾರೆಹಣ್ಣು ಕಿತ್ತು ತಿನ್ನುತ್ತಿದ್ದದ್ದು ಅಲ್ಲೇ. ಒಂದು ಭಾನುವಾರ ಜೆಸಿಬಿ ತಂದು ಅಷ್ಟನ್ನೂ ನೆಲಸಮ ಮಾಡಿದರು. ಕೇಳಲು ಹೋದರೆ ಮ್ಯಾನೇಜರ್, “ಬರೀ ಮುಳ್ಳುಗಿಡ ತಾನೇ ಮೇಡಂ” ಎಂದು ನಕ್ಕರು. ಆ ನಗುವನ್ನು ನಾನು ಮರೆಯಲಿಲ್ಲ.

ಐದನೇ ಕ್ಲಾಸಿಗೆ ಒಂದು ಪ್ರಾಜೆಕ್ಟ್ ತಯಾರಿಸಿದೆ. ಮರುಭೂಮಿ, ಮಳೆಕಾಡು, ಹುಲ್ಲುಗಾವಲು ಹೀಗೆ ಒಂದೊಂದು ಜೀವಿವಲಯದಲ್ಲಿ ಏನು ಬೆಳೆಯುತ್ತದೆ, ಯಾವ ಪ್ರಾಣಿಗಳಿವೆ ಎಂದು ಒಂದೊಂದು ಗುಂಪು ಇಂಟರ್‌ನೆಟ್ಟಿನಲ್ಲಿ ಹುಡುಕಿ ಬರೆಯಬೇಕು. ಕೊನೆಯ ಗುಂಪಿಗೆ ನಮ್ಮ ಕುರುಚಲು ಕಾಡನ್ನೇ ಕೊಟ್ಟೆ. ಅದು ಇಂಟರ್‌ನೆಟ್ಟಿನಲ್ಲಿ ಸಿಗಲಿಲ್ಲ. ಮಕ್ಕಳು ಕುರಿ ಕಾಯುವ ಅಜ್ಜಂದಿರನ್ನು ಕೇಳಿ ಬರೆದರು. ಹಿಂದೆ ತೆಗೆದಿದ್ದ ಫೋಟೋಗಳನ್ನು ನಾನು ಸೇರಿಸಿದೆ.

ಕಂಪ್ಯೂಟರ್ ಕೊಟ್ಟದ್ದನ್ನು ತೋರಿಸಲು ಮ್ಯಾನೇಜರ್ ತಮ್ಮ ದೊಡ್ಡ ಸಾಹೇಬರನ್ನು ಕರೆತಂದರು. ನಾನು ಕಂಪ್ಯೂಟರಿನಲ್ಲಿ ಕುರುಚಲು ಕಾಡಿನ ಪುಟವನ್ನೇ ತೆರೆಸಿದೆ. ಒಬ್ಬ ಹುಡುಗಿ ಓದಿದಳು. ಫೋಟೋ ಮೆಚ್ಚಿದ ಸಾಹೇಬರು, “ಇದು ಎಲ್ಲಿದೆ ಪುಟ್ಟಿ?” ಎಂದರು.

“ಈಗ ಇಲ್ಲ ಸಾ. ಅಲ್ಲಿ ನಿಮ್ ಗೋಡೌನ್ ಐತೆ” ಎಂದಳು ಅವಳು.

ಮ್ಯಾನೇಜರ್ ಮುಖ ಕಪ್ಪಿಟ್ಟದ್ದನ್ನು ನಾನು ಕಣ್ತುಂಬ ನೋಡಿದೆ. ಅವರು ಹೋದ ಮೇಲೆ ಹೆಡ್‌ಮಾಸ್ಟರು, “ಏನ್ ಮೇಡಂ, ಹಿಂಗ್ ಮಾಡ್ಬುಟ್ರಿ” ಎಂದು ಗೊಣಗಿದರು. ಮುಂದಿನ ತಿಂಗಳು ಇಂಟರ್‌ನೆಟ್ಟು ನಿಂತಿತು. ಮಗುವಿನ ಬಾಯಿಂದ ಹೇಳಿಸಬಾರದಿತ್ತು ಎಂದು ಆಮೇಲೆ ಅನ್ನಿಸಿದ್ದುಂಟು. ಆದರೂ ಆ ಮುಖ ನೆನಪಾದಾಗಲೆಲ್ಲ ನನಗೆ ಈಗಲೂ ಖುಷಿಯೇ.