ಮನೆ ನೋಡಿ ಬಂದವಳು

ಅರವತ್ತರ ದಶಕದ ಶುರುವಿನಲ್ಲಿ ನಾನು ಶಿವಮೊಗ್ಗದ ಹೆಣ್ಣುಮಕ್ಕಳ ಹೋಮೊಂದರಲ್ಲಿ ಗುಮಾಸ್ತೆಯಾಗಿದ್ದೆ. ಅಪ್ಪ ಅಮ್ಮ ಇಲ್ಲದವರು, ಇದ್ದೂ ಇಲ್ಲದಂಥವರು, ರೈಲ್ವೆ ಸ್ಟೇಷನ್ನಿನಲ್ಲಿ ಪೊಲೀಸರ ಕೈಗೆ ಸಿಕ್ಕವರು, ಇಂಥ ಹುಡುಗಿಯರನ್ನು ಸರ್ಕಾರ ಅಲ್ಲಿಟ್ಟು ಸಾಕುತ್ತಿತ್ತು. ಬೆಳಿಗ್ಗೆ ಹಾಲಿನ ಪುಡಿ ಕದಡಿದ ನೀರು, ಎರಡು ಹೊತ್ತು ಊಟ, ವರ್ಷಕ್ಕೆ ಎರಡು ಜೊತೆ ಬಟ್ಟೆ. ಬಟ್ಟೆಯೆಲ್ಲ ಒಂದೇ ಥಾನಿನಿಂದ ಹೊಲಿಸಿದ್ದು. ಆ ಹಸಿರು ಗೆರೆಯ ಲಂಗ ಬೀದಿಯಲ್ಲಿ ಕಂಡರೆ ಸಾಕು, ಜನ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಮರ್ಯಾದೆಗೆ ಬಿಡುತ್ತಿದ್ದ ದಾರಿಯಲ್ಲ ಅದು.

ಹೋಮಿನ ಸೂಪರಿಂಟೆಂಡೆಂಟ್ ಅಮ್ಮ ಕೆಟ್ಟವರಾಗಿರಲಿಲ್ಲ. ಮಕ್ಕಳಿಗೆ ಜ್ವರ ಬಂದರೆ ತಾವೇ ಕಷಾಯ ಕಾಸಿ ಕುಡಿಸುತ್ತಿದ್ದರು. ಆದರೆ ಬೆಂಗಳೂರಿನಿಂದ ಸರ್ಕ್ಯುಲರ್ ಬಂತೆಂದರೆ ಪ್ರಸಾದ ಬಂದ ಹಾಗೆ, ಎರಡೂ ಕೈಯಲ್ಲಿ ಹಿಡಿದು ಓದುತ್ತಿದ್ದರು. ಆ ವರ್ಷ ಬಂದದ್ದರ ತಾತ್ಪರ್ಯ ಇಷ್ಟು: ಮಗು ಬೆಳೆಯಬೇಕಾದದ್ದು ಮನೆಯಲ್ಲಿ, ಹೋಮಿನಲ್ಲಲ್ಲ. ರಕ್ತಸಂಬಂಧಿಗಳು ಮುಂದೆ ಬಂದರೆ ಮಗುವನ್ನು ಬೇಗ ಅವರ ವಶಕ್ಕೆ ಒಪ್ಪಿಸಬೇಕು. ಒಪ್ಪಿಸುವ ಮೊದಲು ಒಬ್ಬರು ಹೋಗಿ ಮನೆ ನೋಡಿ ಬರಬೇಕು, ಒಪ್ಪಿಸಿ ಆರು ತಿಂಗಳಾದ ಮೇಲೆ ಇನ್ನೊಂದು ಸಲ ಹೋಗಿ ವಿಚಾರಿಸಬೇಕು. ಇದರಲ್ಲಿ ತಪ್ಪು ತೋರಿಸು ಎಂದರೆ ಇವತ್ತಿಗೂ ನನ್ನ ಕೈಲಾಗುವುದಿಲ್ಲ. ನನಗೆ ಸಿಟ್ಟು ಬರುವುದೂ ಅದಕ್ಕೇ. ಸರ್ಕ್ಯುಲರ್ ಕೆಟ್ಟದ್ದಾಗಿದ್ದರೆ ಅದರ ತಲೆಗೆ ಕಟ್ಟಿ ನಾನು ಹಾಯಾಗಿರಬಹುದಿತ್ತು.

ಹೋಮಿನಲ್ಲಿ ಭದ್ರಾವತಿಯ ಹುಡುಗಿಯೊಬ್ಬಳಿದ್ದಳು. ಅಪ್ಪ ಕಾರ್ಖಾನೆಯ ಕಂಟ್ರಾಕ್ಟ್ ಕೂಲಿ. ಒಂದು ದಿನ ಹೇಳದೆ ಕೇಳದೆ ಊರು ಬಿಟ್ಟಿದ್ದ. ಅಮ್ಮ ಕ್ಷಯದಲ್ಲಿ ಹೋಗಿದ್ದಳು. ಅಕ್ಕಪಕ್ಕದವರು ತಂದು ಬಿಟ್ಟಾಗ ಅವಳಿಗೆ ಒಂಬತ್ತು ವರ್ಷವಂತೆ. ಹುಟ್ಟಿದ ತಾರೀಖು ಯಾರಿಗೂ ಗೊತ್ತಿಲ್ಲದ್ದರಿಂದ ಡಾಕ್ಟರು ಬಾಯಿ ತೆಗೆಸಿ ಹಲ್ಲು ನೋಡಿ ಹನ್ನೊಂದು ಎಂದು ಬರೆದಿದ್ದರು. ಸಂತೆಯಲ್ಲಿ ಹೋರಿಗೆ ನೋಡುವ ಹಾಗೆ. ನಾನು ಹೇಳುವ ಸಂಗತಿ ನಡೆದಾಗ ಅವಳು ಬಂದು ನಾಲ್ಕು ವರ್ಷವಾಗಿತ್ತು. ನೋಡಿದರೆ ಹದಿಮೂರು, ಫೈಲಿನಲ್ಲಿ ಹದಿನೈದು.

ಅವಳ ಅಕ್ಷರ ಮುತ್ತಿನಂಥದು. ನನ್ನದೋ ಕೋಳಿ ಕೆದರಿದ ಹಾಗೆ. ಹಾಗಾಗಿ ಹಾಜರಿ ಪುಸ್ತಕದಲ್ಲಿ ತಿಂಗಳ ಮೊದಲ ದಿನ ಎಲ್ಲರ ಹೆಸರು ಬರೆಯುವ ಕೆಲಸವನ್ನು ಅವಳಿಗೇ ಒಪ್ಪಿಸಿದ್ದೆ. ನನ್ನ ಮೇಜಿನ ಪಕ್ಕ ನಿಂತು, ನಾಲಿಗೆಯ ತುದಿ ಹೊರಗೆ ಹಾಕಿಕೊಂಡು ಬರೆಯುತ್ತಿದ್ದಳು. ಮಿಡ್ಲ್ ಸ್ಕೂಲಿನ ಕೊನೆಯ ವರ್ಷ. ಆ ಪರೀಕ್ಷೆ ಪಾಸಾಗಿ, ಹೈಸ್ಕೂಲು ಓದಿ, ಮೇಡಂ ಆಗುತ್ತೇನೆ ಎನ್ನುತ್ತಿದ್ದಳು. ಆಗುತ್ತಿದ್ದಳು ಕೂಡ. ಇದನ್ನು ಪಶ್ಚಾತ್ತಾಪಕ್ಕೆ ಹೇಳುತ್ತಿಲ್ಲ, ಗುಮಾಸ್ತೆಯ ಕಣ್ಣಿನಲ್ಲಿ ನೋಡಿಯೇ ಹೇಳುತ್ತಿದ್ದೇನೆ.

ಆ ಡಿಸೆಂಬರಿನಲ್ಲಿ ಅವಳ ಸೋದರಮಾವ ಬಂದ. ಮೂವತ್ತರ ಆಚೀಚಿನ ಗಂಡಸು, ತಲೆಗೆ ಎಣ್ಣೆ ಹಚ್ಚಿ ಬಾಚಿ, ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡಿದ್ದ. ಕಾರ್ಖಾನೆಯಲ್ಲಿ ಕೆಲಸ ಪರ್ಮನೆಂಟ್ ಆಗಿದೆ, ಕ್ವಾರ್ಟರ್ಸ್ ಸಿಕ್ಕಿದೆ ಎಂದ.

"ಅಕ್ಕನ ಮಗಳು ಅಮ್ಮಾವ್ರೇ. ಆವಾಗ ನಮ್ಗೇ ತಿನ್ನಕ್ಕಿರ್ಲಿಲ್ಲ. ಈಗ ನಾನಿದ್ದೂ ಅವ್ಳು ಅನಾಥೆ ಅಂತ ಇಲ್ಲಿದ್ರೆ ಜನ ನನ್ ಮುಖಕ್ಕೆ ಉಗೀತಾರೆ."

ಅವನ ಕಣ್ಣಲ್ಲಿ ನೀರಿತ್ತು. ಸುಳ್ಳು ನೀರಲ್ಲ. ಸೂಪರಿಂಟೆಂಡೆಂಟ್ ಅಮ್ಮ ನನ್ನತ್ತ ನೋಡಿ, "ನೋಡೇ ಮಾರಾಯ್ತಿ, ಸರ್ಕ್ಯುಲರ್ ಬಂದ ವಾರದಲ್ಲೇ ದೇವ್ರೇ ಕಳಿಸ್ದಂಗೆ ಬಂದಿದಾನೆ" ಎಂದರು.

ನನಗೂ ಹಾಗೇ ಅನ್ನಿಸಿತು. ಅದಕ್ಕೆ ಕಾರಣವೂ ಇತ್ತು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿದವರು ನನ್ನ ಸೋದರಮಾವ. ಅವರ ತಮ್ಮನಿಗೇ ನನ್ನನ್ನು ತಂದುಕೊಳ್ಳಬೇಕೆಂದು ಅಜ್ಜಿ ಹಟ ಹಿಡಿದಾಗ, "ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸ್ಲಿ, ಆಮೇಲೆ ಬಾಯಿ ಬಿಡಿ" ಎಂದು ಮನೆಯೆಲ್ಲ ಕೇಳುವಂತೆ ಗದರಿದ್ದರು. ನಾನು ಪಾಸಾಗುವಷ್ಟರಲ್ಲಿ ಆ ತಮ್ಮನಿಗೆ ಬೇರೆ ಕಡೆ ಮದುವೆಯಾಗಿತ್ತು. ನನ್ನ ನೌಕರಿ, ನನ್ನ ಸಂಬಳ, ನಾನು ಕೂರುತ್ತಿದ್ದ ಕುರ್ಚಿ, ಎಲ್ಲ ಆ ಒಂದು ಗದರಿಕೆಯಿಂದ ಬಂದದ್ದು. ಸೋದರಮಾವ ಎಂದರೆ ನನ್ನ ಮಟ್ಟಿಗೆ ಅವರೊಬ್ಬರೇ.

ಹುಡುಗಿ ಬಿಸ್ಕತ್ತು ತೆಗೆದುಕೊಂಡಳು, ಎಲ್ಲರಿಗೂ ಹಂಚಿದಳು. ಸಂಜೆ ನನ್ನ ಮೇಜಿನ ಹತ್ತಿರ ಬಂದಳು.

"ಅಕ್ಕಾ, ಪರೀಕ್ಷೆ ಮುಗಿಸ್ಕೊಂಡು ಹೋಗ್ತಾಳೆ ಅಂತ ಬರೀರಿ. ಇನ್ನು ನಾಲ್ಕೇ ತಿಂಗ್ಳು."

"ಯಾಕೆ, ಅಲ್ಲೇನು ಸ್ಕೂಲಿಲ್ವಾ? ಭದ್ರಾವತಿ ಏನು ಕಾಡಾ?"

"ಸ್ಕೂಲಿದೆ ಅಕ್ಕಾ. ಕಳಿಸ್ತಾರೋ ಇಲ್ವೋ ನೀವು ಕೇಳಿ."

"ಕೇಳ್ತೀನಿ ಹೋಗು."

ಆ ಒಂದು ಸಾಲು ಬರೆಯುವುದು ನನ್ನ ಕೈಯಲ್ಲೇ ಇತ್ತು. ಪರೀಕ್ಷೆಯ ನಂತರ ಒಪ್ಪಿಸುವುದು ಸೂಕ್ತ ಎಂದು ಬರೆದಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಆದರೆ ಸಂಕ್ರಾಂತಿಯೊಳಗೆ ಸರ್ಕ್ಯುಲರಿಗೆ ಉತ್ತರ ಹೋಗಬೇಕಿತ್ತು, ಉತ್ತರದಲ್ಲಿ ತೋರಿಸಲು ಒಂದಾದರೂ ಮಗು ಬೇಕಿತ್ತು.

ಮನೆ ನೋಡಲು ನನ್ನನ್ನೇ ಕಳಿಸಿದರು. ಬೆಳಗಿನ ರೈಲಿಗೆ ಭದ್ರಾವತಿಗೆ ಹೋದೆ. ಇಳಿದು ಕ್ವಾರ್ಟರ್ಸಿನ ಸಾಲು ಹುಡುಕಿಕೊಂಡು ಹೋಗುವಷ್ಟರಲ್ಲಿ ಕಾರ್ಖಾನೆಯ ಸೈರನ್ ಕೂಗಿತು. ಸೆರಗಿನ ಮೇಲೆಲ್ಲ ಸಣ್ಣಗೆ ಕೆಂಪು ಧೂಳು ಕೂತಿತ್ತು. ಎರಡು ಕೋಣೆಯ ಮನೆ. ಬಾಗಿಲಿಗೆ ನೀರು ಹಾಕಿ ದೊಡ್ಡ ರಂಗೋಲಿ ಬಿಟ್ಟಿದ್ದರು. ಒಳಗೆ ಹುಡುಗಿಯ ಅಜ್ಜಿ, ಅಂದರೆ ಆ ಮಾವನ ತಾಯಿ, ಅಕ್ಕಪಕ್ಕದ ಮೂರು ನಾಲ್ಕು ಹೆಂಗಸರು, ಎಲ್ಲರೂ ಒಳ್ಳೆಯ ಸೀರೆ ಉಟ್ಟಿದ್ದರು. ನನ್ನನ್ನು ಹೊಸ ಚಾಪೆಯ ಮೇಲೆ ಕೂರಿಸಿ ಕೇಸರಿಭಾತು, ಕಾಫಿ ಕೊಟ್ಟರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ ಮಾವ ಕೋಣೆಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ. ಸರ್ಕಾರಿ ತನಿಖೆಗೆ ಯಾರಾದರೂ ಕೇಸರಿಭಾತು ಮಾಡುತ್ತಾರೆಯೇ? ಈ ಪ್ರಶ್ನೆ ನನಗೆ ಆವತ್ತು ಹೊಳೆಯಲಿಲ್ಲ. ತಿಂದೆ, ಇನ್ನೊಂದು ಚಮಚ ಹಾಕಿಸಿಕೊಂಡೆ.

ಫಾರಂ ತೆಗೆದು ಒಂದೊಂದೇ ಕೇಳಿದೆ. ಕೆಲಸ ಏನು, ಸಂಬಳ ಎಷ್ಟು, ಮನೆಯಲ್ಲಿ ಎಷ್ಟು ಜನ, ಕುಡಿತವಿದೆಯೇ, ನಲ್ಲಿ ಒಳಗಿದೆಯೋ ಹೊರಗಿದೆಯೋ. ಹುಡುಗಿ ಮಲಗುವ ಜಾಗ ಎಲ್ಲಿ ಎಂದೂ ಕೇಳಿದೆ. ಅದಕ್ಕೆ ಹೆಂಗಸರು ಮುಸಿಮುಸಿ ನಕ್ಕರು, ಅಜ್ಜಿ ಅವರನ್ನು ಕಣ್ಣಲ್ಲೇ ಗದರಿ, "ನನ್ ಜೊತೆಗೇ ತಾಯಿ" ಎಂದಳು.

"ಸ್ಕೂಲಿಗೆ ಕಳಿಸ್ತೀರಲ್ಲಾ?"

"ಅದಕ್ಕೇನಂತೆ. ಬಂದ್ಮೇಲೆ ಅವ್ಳದೇ ಮನೆ, ಅವ್ಳಿಷ್ಟ. ನಮ್ಮನೆ ಹೆಣ್ಣು, ಹೊರಗೆ ಯಾಕೆ ಹೋಗ್ಬೇಕು ಹೇಳಿ?"

ಈ ಮಾತಿನ ಅರ್ಥ ಆಗದಷ್ಟು ಪೆದ್ದಿ ನಾನಲ್ಲ. ಅಕ್ಕನ ಮಗಳನ್ನು ತಂದುಕೊಳ್ಳುವುದು ನಮ್ಮ ಕಡೆ ಯಾವ ಜಾತಿಯಲ್ಲಿಲ್ಲ? ನಮ್ಮ ಮನೆಯಲ್ಲೇ ಆ ಮಾತು ಬಂದಿತ್ತಲ್ಲ. ಇನ್ನು ಐದಾರು ವರ್ಷದ ಮೇಲಿನ ಮಾತು ಎಂದುಕೊಂಡೆ. ಅಷ್ಟೇ ಅಲ್ಲ, ಒಳ್ಳೆಯದೇ ಆಯಿತು ಎಂದುಕೊಂಡೆ. ಹೋಮಿನಲ್ಲಿ ಬೆಳೆದವಳಿಗೆ ನಾಳೆ ಗಂಡು ಸಿಗುವುದು ಸುಲಭವೇ? ಓದಿಗೆ ಮನೆಯೂ ಆಯಿತು, ಮುಂದಕ್ಕೆ ಮದುವೆಯ ಚಿಂತೆಯೂ ತೀರಿತು. ಶಾಲೆಗೆ ಕಳಿಸುವರೇ ಎಂಬ ಸಾಲಿನೆದುರು ಹೌದು ಎಂದು ಬರೆದೆ. ಹೊರಡುವಾಗ ಅಜ್ಜಿ ಕುಂಕುಮ ಕೊಟ್ಟು, ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು, ರವಿಕೆ ಕಣ ಇಟ್ಟು ಮುಂದೆ ಹಿಡಿದಳು. ಮುತ್ತೈದೆ ಕೊಟ್ಟದ್ದನ್ನು ಬೇಡ ಎನ್ನಬಾರದೆಂದು ಸೆರಗೊಡ್ಡಿ ತೆಗೆದುಕೊಂಡೆ. ವಾಪಸ್ ಬರುವಾಗ ರೈಲಿನಲ್ಲಿ ಬಾಳೆಹಣ್ಣು ತಿಂದೆ.

ಹೋಮಿಗೆ ಬಂದು ಸೂಪರಿಂಟೆಂಡೆಂಟ್ ಅಮ್ಮನಿಗೆ ಎಲ್ಲ ಹೇಳಿದೆ, ಅಜ್ಜಿಯ ಮಾತನ್ನೂ ಹೇಳಿದೆ. "ಇನ್ನೇನು ಬೇಕು? ನಮ್ ತಲೆಮೇಲಿನ ಭಾರ ಇಳೀತು" ಎಂದರು. ಅಜ್ಜಿಯ ಆ ಮಾತಿಗೆ ಫಾರಂನಲ್ಲಿ ಕಾಲಂ ಇರಲಿಲ್ಲವಾದ್ದರಿಂದ ಬರೆಯಲಿಲ್ಲ. ಷರಾ ಎಂಬಲ್ಲಿ, ಯೋಗ್ಯ ಕುಟುಂಬ, ಕೂಡಲೇ ಒಪ್ಪಿಸಬಹುದು, ಎಂದು ಬರೆದು ಸಹಿ ಹಾಕಿದೆ.

ಸಂಕ್ರಾಂತಿಗೆ ಎರಡು ದಿನ ಮುಂಚೆ ಅವಳು ತಗಡಿನ ಟ್ರಂಕು ಹಿಡಿದು ಹೊರಟಳು. ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದಳು.

"ಕೇಳಿದ್ರಾ ಅಕ್ಕಾ?"

"ಕೇಳ್ದೆ. ಕಳಿಸ್ತಾರೆ."

ಅವಳು ಮುಖ ಅರಳಿಸಿ ನಕ್ಕಳು. ಆ ನಗು ನನಗೆ ಸಲ್ಲಬೇಕಾದ್ದಲ್ಲ, ನಾನು ಇಸಿದುಕೊಂಡೆ.

ಆರು ತಿಂಗಳಿಗೆ, ಆಷಾಢದ ಮೊದಲ ವಾರದಲ್ಲಿ, ಮತ್ತೆ ಭದ್ರಾವತಿಗೆ ಹೋದೆ. ಮಳೆ ಹಿಡಿದಿತ್ತು. ಬಾಗಿಲು ತೆಗೆದವಳು ಅವಳೇ. ಸೀರೆ ಉಟ್ಟಿದ್ದಳು. ಕೊರಳಲ್ಲಿ ಅರಿಶಿನ ಇನ್ನೂ ಮಾಸದ ದಾರ, ಕಾಲಲ್ಲಿ ಕಾಲುಂಗುರ. ಒಳಗಿನಿಂದ ಅಜ್ಜಿ ಸೆರಗಿಗೆ ಕೈ ಒರೆಸುತ್ತ ಓಡಿ ಬಂದಳು.

"ಬನ್ನಿ ಬನ್ನಿ, ಬೀಗಿತ್ತಿ ಬಂದ್ರು! ಏನೇ, ಕಾಲಿಗೆ ನೀರು ಕೊಡೇ."

"ಇದೇನಜ್ಜೀ, ಮದುವೆ ಮಾಡ್ಬಿಟ್ರಾ? ಅವ್ಳಿನ್ನೂ ಮಗು!"

ಅಜ್ಜಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಇದೇನು ತಾಯಿ ಹಿಂಗಂತೀರಾ? ಹೆಣ್ಣಿನ್ ಕಡೆಯಿಂದ ನೀವೇ ಬಂದ್ರಿ, ಮನೆ ನೋಡಿದ್ರಿ, ಗಂಡಿನ್ ಸಂಬಳ ಕೇಳಿದ್ರಿ, ಕುಡೀತಾನಾ ಅಂತ ಕೇಳಿದ್ರಿ. ತಾಂಬೂಲ ತಗೊಂಡು ಹೋದ್ರಿ. ಒಪ್ಪಿಗೆ ಆಗಿ ಹುಡುಗೀನ್ ಕಳ್ಸಿ ಕೊಟ್ರಿ. ಆಮೇಲೆ ನಾವು ತಡ ಮಾಡಿದ್ರೆ ಚೆನ್ನಾಗಿರ್ತದಾ? ಮಾಘದಲ್ಲೇ ಮುಗಿಸಿದ್ವಿ."

ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಹೋದಾಗ ಏನೇನು ಕೇಳುತ್ತಾರೋ ಅದನ್ನೇ ಸರ್ಕಾರ ಫಾರಂನಲ್ಲಿ ಅಚ್ಚು ಹಾಕಿಸಿತ್ತು. ಅಪ್ಪ ಅಮ್ಮ ಇಲ್ಲದ ಹುಡುಗಿಗೆ ಹಿರಿಯಳಾಗಿ ಹೋದವಳು ನಾನು. ಅವರು ಪದ್ಧತಿ ತಪ್ಪಿರಲಿಲ್ಲ. ತಾಂಬೂಲ ಎಂದರೆ ಏನೆಂದು ಗೊತ್ತಿದ್ದೂ, ಫಾರಂ ಹಿಡಿದು ಹೋದವಳಿಗೆ ಅದು ಅನ್ವಯಿಸುವುದಿಲ್ಲ ಎಂದುಕೊಂಡವಳು ನಾನು. ಕಾನೂನಿಗೆ ಹೋಗೋಣವೆಂದರೆ ಆಗ ಹೆಣ್ಣಿನ ಮದುವೆಗೆ ಹದಿನೈದು ತುಂಬಿದ್ದರೆ ಸಾಕಿತ್ತು, ನಮ್ಮ ಫೈಲಿನಲ್ಲಿ ತುಂಬಿತ್ತು, ಹಲ್ಲು ಸಾಕ್ಷಿ.

ಅಜ್ಜಿ ಕಾಫಿ ತಂದುಕೊಟ್ಟು, ದನಿ ತಗ್ಗಿಸಿ ಕೇಳಿದಳು. "ಒಳ್ಳೇ ಟೈಮಿಗೆ ಬಂದ್ರಿ ತಾಯಿ. ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಸೂರಲ್ಲಿರ್ಬಾರ್ದು. ಅವ್ಳಿಗೆ ತವರು ಅಂದ್ರೆ ನಿಮ್ ಹೋಮೇ. ಒಂದ್ ತಿಂಗ್ಳು ಕರ್ಕೊಂಡು ಹೋಗ್ತೀರಾ?"

ಬಾಗಿಲ ಹಿಂದೆ ನಿಂತಿದ್ದ ಹುಡುಗಿ ಥಟ್ಟನೆ ತಲೆಯೆತ್ತಿದಳು. ಆ ಮುಖ ನೋಡಿ ನನಗೆ ಅಲ್ಲೇ ಸತ್ತುಹೋಗಬಾರದೇ ಅನ್ನಿಸಿತು. ಒಮ್ಮೆ ಒಪ್ಪಿಸಿದ ಮಗುವನ್ನು ಹೊಸ ಆರ್ಡರಿಲ್ಲದೆ ಮತ್ತೆ ಸೇರಿಸಿಕೊಳ್ಳುವ ಹಾಗಿರಲಿಲ್ಲ. ಮದುವೆಯಾದವಳನ್ನಂತೂ ಇಲ್ಲವೇ ಇಲ್ಲ.

"ರೂಲ್ಸಿಲ್ಲ ಅಜ್ಜಿ" ಎಂದೆ.

"ತವರಿಗೂ ರೂಲ್ಸಾ?" ಎಂದು ಅಜ್ಜಿ ಲೊಚಗುಟ್ಟಿದಳು. ಹುಡುಗಿ ತಲೆ ತಗ್ಗಿಸಿದಳು.

ವಿಚಾರಣೆಯ ಫಾರಂ ತೆಗೆದೆ. ಪೆನ್ನಿನ ಮುಚ್ಚಳ ಬಿಚ್ಚಿದೆ. ಹುಡುಗಿ ಬಂದು ನನ್ನ ಪಕ್ಕ ಕೂತಳು.

"ಕೊಡಿ ಅಕ್ಕಾ, ನಾನೇ ಬರೀತೀನಿ. ನಿಮ್ ಅಕ್ಷರ ಯಾರಿಗೂ ತಿಳ್ಯಲ್ಲ."

ಪೆನ್ನು ಕೊಟ್ಟೆ. ನಾಲಿಗೆಯ ತುದಿ ಹೊರಗೆ ಬಂತು. ಹೆಸರು ಬರೆದಳು, ವಿಳಾಸ ಬರೆದಳು. ಮಗು ಶಾಲೆಗೆ ಹೋಗುತ್ತಿದೆಯೇ ಎಂಬಲ್ಲಿ ಒಂದು ಗಳಿಗೆ ನಿಂತು, ಇಲ್ಲ ಎಂದು ಬರೆದಳು. ಮಗುವಿಗೂ ಪೋಷಕರಿಗೂ ಇರುವ ಸಂಬಂಧ ಎಂಬಲ್ಲಿ, ಹಿಂದಿನ ಸಲ ನಾನು ಸೋದರಮಾವ ಎಂದು ಬರೆದಿದ್ದ ಆ ಜಾಗದಲ್ಲಿ, ಗಂಡ ಎಂದು ದುಂಡಗೆ ಬರೆದಳು. ಊದಿ ಒಣಗಿಸಿ ನನ್ನ ಕೈಗೆ ಕೊಟ್ಟಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮಾರನೆಯ ದಿನ ಸೂಪರಿಂಟೆಂಡೆಂಟ್ ಅಮ್ಮ ಫಾರಂ ನೋಡಿದರು. ಗಂಡ ಎಂಬಲ್ಲಿ ಕಣ್ಣು ನಿಂತಿತು. ಆಮೇಲೆ ಅಂಚಿನಲ್ಲಿ, ಬಾಲಕಿ ಕುಟುಂಬದಲ್ಲಿ ನೆಲೆಗೊಂಡಿದ್ದಾಳೆ, ಫೈಲು ಮುಕ್ತಾಯ, ಎಂದು ಬರೆದರು. ಫಾರಂ ಮಡಚುವಾಗ ಏನೋ ನೆನಪಾದವರಂತೆ ಕೇಳಿದರು.

"ಇದು ನಿನ್ ಅಕ್ಷರ ಅಲ್ಲ. ಎಷ್ಟು ಮುದ್ದಾಗಿದೆ, ಯಾರು ಬರೆದದ್ದೇ?"

"ನಮ್ ಹೋಮಲ್ಲೇ ಕಲಿತವ್ಳು ಅಮ್ಮಾ" ಎಂದೆ.