ಶುಕ್ರವಾರ ಬಿದ್ದ ಕಾರ್ಡ್ ಬಿಲ್ಲು

ನನ್ನ ಹೆಂಡತಿಗೆ ಬೆಳ್ತಂಗಡಿ ಪೇಟೆಯಲ್ಲಿ ಹೊಲಿಗೆಯ ಅಂಗಡಿ ಇದೆ. ಮದುವೆಯ ರವಿಕೆಗೆ ಕಸೂತಿ ಬೇಕು ಎಂದವರನ್ನೆಲ್ಲ ಅವಳು ಮೂಡುಬಿದಿರೆಗೆ ಕಳುಹಿಸುತ್ತಿದ್ದಳು. ಅಲ್ಲಿ ಕಂಪ್ಯೂಟರ್ ಕಸೂತಿ ಯಂತ್ರವಿತ್ತು. ಅಂಥದ್ದೊಂದು ತನ್ನ ಅಂಗಡಿಯಲ್ಲೇ ಇರಬೇಕೆಂಬುದು ಅವಳ ಬಹುದಿನದ ಆಸೆ. ಸಾಲ ಕೇಳಲು ನಾವಿಬ್ಬರೂ ಬ್ಯಾಂಕಿಗೆ ಹೋದೆವು. ಅಲ್ಲಿನ ಅಧಿಕಾರಿ, ನಡುವಯಸ್ಸಿನ ಹೆಂಗಸು, ಕಂಪ್ಯೂಟರ್ ನೋಡಿ ತಲೆಯಾಡಿಸಿದರು.

"ನಿಮಗೆ ಕ್ರೆಡಿಟ್ ಸ್ಕೋರೇ ಇಲ್ಲ ಅಲ್ವಾ."

"ನಾನು ಯಾರಿಗೂ ಒಂದು ರೂಪಾಯಿ ಬಾಕಿ ಇಟ್ಟವಳಲ್ಲ ಮೇಡಂ."

"ಅದೇ ತೊಂದರೆ. ನೀವು ತೆಗೊಂಡದ್ದೂ ಇಲ್ಲ, ತಿರುಗಿ ಕೊಟ್ಟದ್ದೂ ಇಲ್ಲ. ನಾವು ಎಂತ ನೋಡಿ ನಂಬುವುದು?"

ದಾರಿಯನ್ನೂ ಅವರೇ ಹೇಳಿದರು. ಠೇವಣಿಯ ಮೇಲೆ ಒಂದು ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳುವುದು, ಅಂಗಡಿಗೆ ಹೇಗೂ ಬೇಕಾದ ನೂಲು, ಲೈನಿಂಗ್ ಬಟ್ಟೆಗೆ ಮಾತ್ರ ಬಳಸುವುದು, ಮಿತಿಯ ಮೂರನೇ ಒಂದು ಭಾಗ ದಾಟದಿರುವುದು, ಬಿಲ್ಲು ಪೂರ್ತಿ ಕಟ್ಟುವುದು. "ಕನಿಷ್ಠ ಮೊತ್ತ ಅಂತ ಒಂದು ಸಾಲು ಬರ್ತದೆ. ಅದನ್ನು ಓದಲೇ ಬೇಡಿ. ಒಂದು ವರ್ಷ ಕಳೆದು ಬನ್ನಿ."

ಅವಳು ಹಾಗೆಯೇ ಮಾಡಿದಳು. ವರ್ಷ ತುಂಬಲು ಕೆಲವು ತಿಂಗಳು ಉಳಿದಿದ್ದಾಗ ಬಿಲ್ಲಿನ ಕೊನೆಯ ದಿನ ಶುಕ್ರವಾರ ಬಿತ್ತು. ಅಂದು ಮದುವೆಯೊಂದರ ರವಿಕೆಗಳನ್ನು ಮುಗಿಸಿ ಅವಳು ಲಾಯಿಲದ ನಮ್ಮ ಮನೆಗೆ ಬಂದಾಗ ಕತ್ತಲಾಗಿತ್ತು. ಚಪ್ಪಲಿ ಬಿಡುವಾಗ ನೆನಪಾಗಿ, ಹೊಸ್ತಿಲಲ್ಲೇ ನಿಂತು ಫೋನ್ ತೆಗೆದಳು.

ಒಳಗೆ ಅಮ್ಮ ದೇವರಿಗೆ ದೀಪ ಹಚ್ಚಿ ಆಗಿತ್ತು. ನಮ್ಮ ಮನೆಯಲ್ಲಿ ಶುಕ್ರವಾರ ದೀಪ ಹಚ್ಚಿದ ಮೇಲೆ ದುಡ್ಡು ಹೊರಗೆ ಹೋಗುವುದಿಲ್ಲ. ಹಾಲಿನವನಿಗೂ ನಾಳೆ ಬಾ ಎನ್ನುತ್ತೇವೆ.

"ಫೋನಿನಲ್ಲಿ ಎಂತ ಮಾಡ್ತಿದ್ದೀ?"

"ಕಾರ್ಡಿನ ದುಡ್ಡು ಕಟ್ಟುವುದು ಅತ್ತೆ. ಇವತ್ತೇ ಕಡೆ."

"ಶುಕ್ರವಾರ ಹೊಸ್ತಿಲಲ್ಲಿ ನಿಂತು ಲಕ್ಷ್ಮಿಯನ್ನು ಹೊರಗೆ ಕಳಿಸ್ತೀಯಾ ಮಾರಾಯ್ತಿ? ಬ್ಯಾಂಕ್ ನಾಳೆ ಓಡಿ ಹೋಗ್ತದಾ?"

ಅವಳು ನನ್ನ ಮುಖ ನೋಡಿದಳು, ದೀಪ ನೋಡಿದಳು, ಫೋನನ್ನು ಮೆಲ್ಲನೆ ಚೀಲದೊಳಗಿಟ್ಟಳು.

ಶನಿವಾರ ಬೆಳಿಗ್ಗೆ, ಕಾಫಿಗೂ ಮೊದಲು, ಹಣ ಕಟ್ಟಿದಳು. ಆದರೆ ಅಷ್ಟು ತಿಂಗಳ ಜಾಗ್ರತೆ ಒಂದು ಸಂಜೆಯಲ್ಲಿ ಮುಗಿದುಹೋಯಿತೆಂದು ನಮಗಿಬ್ಬರಿಗೂ ಅನ್ನಿಸಿತ್ತು. ಆ ಎರಡು ದಿನ ಅವಳು ಹೊಲಿದದ್ದನ್ನೇ ಬಿಚ್ಚಿ ಹೊಲಿದಳು. ಭಾನುವಾರ ಅಮ್ಮ, ಯಾರೂ ಕೇಳದೆ, ಸೊಸೆಗೆ ಇಷ್ಟವೆಂದು ನೀರುದೋಸೆ ಎರೆದರು.

ಸೋಮವಾರ ಇಬ್ಬರೂ ಬ್ಯಾಂಕಿಗೆ ಹೋದೆವು. ನಡೆದದ್ದನ್ನು ಅವಳೇ ಹೇಳಿದಳು, ದೀಪದ ವಿಷಯವನ್ನೂ ಬಿಡದೆ. ಅಧಿಕಾರಿ ಪರದೆಯ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದರು. ಆಮೇಲೆ ನಕ್ಕರು.

"ಮೂರು ದಿನದೊಳಗೆ ಕಟ್ಟಿದರೆ ತಡ ಅಂತ ಸ್ಕೋರ್ ಲೆಕ್ಕ ಹಾಕುವವರಿಗೆ ವರದಿ ಹೋಗುವುದಿಲ್ಲ. ದಂಡವೂ ಇಲ್ಲ. ಸ್ಕೋರಿಗೆ ಏನೂ ಆಗ್ಲಿಲ್ಲ. ಹಾಗಂತ ರೂಢಿ ಮಾಡ್ಬೇಡಿ ಆಯ್ತಾ?" ಕುರ್ಚಿ ಹಿಂದೆ ಸರಿಸಿ ಮೆಲುದನಿಯಲ್ಲಿ ಸೇರಿಸಿದರು: "ನಮ್ಮ ಮನೆಯಲ್ಲಿಯೂ ಶುಕ್ರವಾರ ಕೊಡುವುದಿಲ್ಲ. ನಾನು ಗುರುವಾರವೇ ಕಟ್ಟಿ ಬಿಡ್ತೇನೆ."

ಅಂದಿನಿಂದ ಅಮ್ಮ ಕ್ಯಾಲೆಂಡರ್ ಹಿಡಿದರು. ಬಿಲ್ಲು ಬಂದ ದಿನವೇ "ಕಡೆಯ ದಿನ ಯಾವ ವಾರ?" ಎಂದು ಕೇಳುತ್ತಿದ್ದರು. ಬೆಳಿಗ್ಗೆ ಸೊಸೆ ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೂಗು: "ಕಟ್ಟಿ ಆಯ್ತಾ? ಆಮೇಲೆ ದೀಪ ಹಚ್ಚಿದ ಮೇಲೆ ನನ್ನ ಹತ್ತಿರ ಬರ್ಬೇಡ!"

ವರ್ಷ ಕಳೆಯಿತು, ಸ್ಕೋರ್ ಚೆನ್ನಾಗಿ ಬಂತು, ಸಾಲ ಮಂಜೂರಾಯಿತು. ಬಂಟ್ವಾಳದ ಕಡೆಯಿಂದ ಟೆಂಪೋದಲ್ಲಿ ಯಂತ್ರ ಬಂದ ದಿನ ಅವಳು ಅದರ ಸುತ್ತ ಕಟ್ಟಿದ್ದ ಹಗ್ಗವನ್ನು ಕತ್ತರಿಸಲು ಯಾರಿಗೂ ಬಿಡಲಿಲ್ಲ. ಒಂದೊಂದೇ ಗಂಟನ್ನು ತಾನೇ ಬಿಚ್ಚಿದಳು. ಮೊದಲ ಕಸೂತಿ ಅಮ್ಮನ ರವಿಕೆಯ ತೋಳಿಗೆ, ಒಂದು ಮಲ್ಲಿಗೆ ಬಳ್ಳಿ.

ಅಮ್ಮ ಅದನ್ನು ಸವರುತ್ತಾ ಕೇಳಿದರು, "ಇದರ ಕಂತು ಯಾವ ವಾರ?"

"ತಿಂಗಳ ಐದಕ್ಕೆ ಅತ್ತೆ. ಯಾವ ವಾರವೂ ಆಗಬಹುದು. ಬ್ಯಾಂಕಿನವರೇ ಖಾತೆಯಿಂದ ತೆಗೀತಾರೆ."

ಅಮ್ಮನ ಬೆರಳು ಬಳ್ಳಿಯ ಮೇಲೆಯೇ ನಿಂತಿತು.

"ಅವರಾಗಿ ತೆಗೊಂಡು ಹೋದರೆ ನಾವು ಕೊಟ್ಟ ಹಾಗೆ ಆಗುವುದಿಲ್ಲ. ಶುಕ್ರವಾರವಾದರೂ ಅಡ್ಡಿಯಿಲ್ಲ" ಎಂದು ರವಿಕೆಯ ಇನ್ನೊಂದು ತೋಳನ್ನೂ ಯಂತ್ರದ ಕಡೆಗೆ ಚಾಚಿದರು.